ಕಣ್ಣಿನ ಇಂಜೆಕ್ಷನ್ ತಪ್ಪಿಸುತ್ತಿದ್ದ ಅಮ್ಮ

ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

"ಅಮ್ಮಂಗೆ ಕಣ್ಣಿನ ಇಂಜೆಕ್ಷನ್ ಅಂದ್ರೆ ಭಯ ಮೇಡಂ, ಸ್ವಲ್ಪ ಧೈರ್ಯ ಹೇಳಿ" ಎನ್ನುತ್ತಾ ಮಗ ಕರೆದುಕೊಂಡು ಬಂದಿದ್ದ. ಆಕೆಗೆ 54 ವರ್ಷ. ಚಾಮರಾಜಪೇಟೆಯ ಮನೆಯಲ್ಲೇ ಸೀರೆಗೆ ಕುಚ್ಚು ಕಟ್ಟುವ ಕೆಲಸ. 16 ವರ್ಷದಿಂದ ಶುಗರ್. ಅದರಿಂದ ಎಡಗಣ್ಣಿನ ರೆಟಿನಾ, ಅಂದರೆ ಕಣ್ಣಿನೊಳಗೆ ಹಿಂಭಾಗದಲ್ಲಿರುವ ಪದರ, ನಡುವೆ ಊದಿಕೊಂಡಿದೆ, ತಿಂಗಳಿಗೊಂದು ಇಂಜೆಕ್ಷನ್ ಬೇಕು ಎಂದಿದ್ದರು ಡಾಕ್ಟರ್. ಒಂದು ಹಾಕಿಸಿಕೊಂಡು ಮುಂದಿನ ಎರಡನ್ನು ತಪ್ಪಿಸಿದ್ದರು.

ಮಗನನ್ನು ಹೊರಗೆ ಕೂರಿಸಿ ಮಾತಾಡಿದೆ. ಸೂಜಿಯ ಭಯ ಇರಲೇ ಇಲ್ಲ.

"ಡ್ರಾಪ್ಸ್ ಹಾಕ್ತಾರೆ, ಅಷ್ಟೇನೂ ನೋವಾಗಲ್ಲ. ಆದ್ರೆ ಶುಗರ್ ನೋಡ್ತಾರಲ್ಲಾ, ಜಾಸ್ತಿ ಬಂದ್ರೆ ಮನೇಲಿ ಎಲ್ಲರೂ ಶುರು ಮಾಡ್ತಾರೆ. ಬಾಯಿ ಕಟ್ಟು ಅಂತ ಅವತ್ತೇ ಹೇಳಿರಲಿಲ್ವಾ ಅಂತ."

ನಾಲ್ಕು ತಿಂಗಳಿಂದ ಸರಿಯಾಗಿ ನಿದ್ದೆ ಇಲ್ಲ. ಸೂಜಿಗೆ ದಾರ ಪೋಣಿಸಲು ಆಗದ ದಿನ ಮಣಿ ಡಬ್ಬ ಮುಚ್ಚಿಟ್ಟವರು ಮತ್ತೆ ತೆಗೆದಿಲ್ಲ. ಮಾತ್ರೆ ನೆನಪಿದ್ದರೂ ನುಂಗುತ್ತಿರಲಿಲ್ಲ. ಮಾತ್ರೆ ಬಿಟ್ಟರೆ ಶುಗರ್ ಏರುತ್ತದೆ, ಕಣ್ಣಿನ ಸಣ್ಣ ರಕ್ತನಾಳಗಳು ಇನ್ನಷ್ಟು ಸೋರುತ್ತವೆ, ಕಣ್ಣು ಮಂಜಾದಷ್ಟೂ ಮನಸ್ಸು ಕುಗ್ಗುತ್ತದೆ. ಶುಗರ್ ಇರುವವರಲ್ಲಿ ಖಿನ್ನತೆ ಬೇರೆಯವರಿಗಿಂತ ಜಾಸ್ತಿ. ಮನೆಯವರಿಗೆ ಮಾತ್ರ ಅದು ಹಟದಂತೆ ಕಾಣುತ್ತದೆ. ಎಷ್ಟು ಮನೆಗಳಲ್ಲಿ ಇದನ್ನು ನೋಡಿದ್ದೇನೋ. ಪ್ರತಿ ಸಲವೂ ಸಂಕಟವಾಗುತ್ತದೆ.

"ಬದುಕೋದೇ ಬೇಡ ಅನಿಸಿದ್ದಿದೆಯಾ ಅಮ್ಮಾ?" ಎಂದು ನೇರವಾಗಿ ಕೇಳಿದೆ. ಕೇಳಿದ್ದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ.

"ಮಲಗಿದವಳು ಏಳದಿದ್ರೆ ಸಾಕು ಅನ್ಸುತ್ತೆ."

ಏನಾದರೂ ಮಾಡಿಕೊಳ್ಳುವ ಯೋಚನೆ ಇರಲಿಲ್ಲ. ಆದರೂ ಅದೇ ವಾರ ಮನೋವೈದ್ಯರ ಹತ್ತಿರ ಕಳಿಸಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಅನ್ನು ಫೋನಿಗೆ ಹಾಕಿಸಿದೆ. ನಡುರಾತ್ರಿ ಮಾಡಿದರೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.

ತಿಂದಿದ್ದಕ್ಕೇ ಕಣ್ಣು ಹೋಯಿತು ಎಂದು ಆಕೆ ನಂಬಿದ್ದರು. ಕಾಯಿಲೆ ಬಂದು ಎಷ್ಟು ವರ್ಷವಾಯಿತು ಅನ್ನುವುದೂ ದೊಡ್ಡ ಕಾರಣ, ಬಿಪಿ, ಕಿಡ್ನಿ ತೊಂದರೆಯೂ ಸೇರುತ್ತವೆ ಎಂದು ಹೇಳಿದೆ. ತಪ್ಪಿಸಿದ ಇಂಜೆಕ್ಷನ್ ವಿಷಯ ಡಾಕ್ಟರಿಗೆ ಮುಚ್ಚಿಡದೆ ಹೇಳಿ, ಬಲಗಣ್ಣನ್ನೂ ತೋರಿಸಿ, ಶುರುವಿನಲ್ಲಿ ಏನೂ ಗೊತ್ತಾಗುವುದಿಲ್ಲ ಎಂದೆ. ಇದ್ದಕ್ಕಿದ್ದಂತೆ ಕಪ್ಪು ಚುಕ್ಕಿಗಳು ತೇಲಿದರೆ, ಮಿಂಚು ಹೊಡೆದಂತೆ ಅಥವಾ ಪರದೆ ಬಿದ್ದಂತೆ ಆದರೆ ಮಗ ಬರಲಿ ಅಂತ ಕಾಯುವುದು ಬೇಡ. ಮಿಂಟೋ ಕಣ್ಣಾಸ್ಪತ್ರೆ ಹತ್ತಿರವೇ ಇದೆ, ಅವತ್ತೇ ಹೋಗಬೇಕು.

ಜಾಸ್ತಿ ಹೊತ್ತು ಹಿಡಿದಿದ್ದು ಮಗನ ಜೊತೆ.

"ಒಳ್ಳೇದಕ್ಕೇ ಬೈಯೋದು ಮೇಡಂ."

"ಗೊತ್ತಪ್ಪಾ. ಆದ್ರೆ ಆ ಬೈಗುಳಕ್ಕೆ ಹೆದರಿಯೇ ಅವರು ಆಸ್ಪತ್ರೆ ಬಿಟ್ಟಿದ್ದು."

ಅವನು ತುಂಬಾ ಹೊತ್ತು ಸುಮ್ಮನಿದ್ದ. ಅಮ್ಮನ ತಟ್ಟೆ ನೋಡಿ ಮಾತಾಡಬೇಡಿ ಎಂದೆ. ಅವರೊಬ್ಬರಿಗೇ ಪಥ್ಯ ಬೇಡ, ಮನೆಯವರೆಲ್ಲ ಅದೇ ಊಟ ಮಾಡಿ. ರಿಪೋರ್ಟ್ ಡಾಕ್ಟರ್ ನೋಡಲಿ. ಇಂಜೆಕ್ಷನ್ ದಿನ ನೀವೇ ಜೊತೆಗೆ ಹೋಗಿ, ಡ್ರಾಪ್ಸ್ ಹಾಕಿದ ಮೇಲೆ ಕೆಲವು ಗಂಟೆ ಎಲ್ಲಾ ಮಸುಕಾಗಿರುತ್ತದೆ, ಒಬ್ಬರೇ ಬಸ್ ಹತ್ತಲು ಆಗುವುದಿಲ್ಲ. ಕೊನೆಗೆ ಒಂದು ಸಣ್ಣ ಕೆಲಸ ಕೊಟ್ಟೆ. ಆಫೀಸಿಗೆ ಹೊರಡುವ ಮುಂಚೆ ಹತ್ತು ಸೂಜಿಗೆ ದಾರ ಪೋಣಿಸಿಟ್ಟು ಹೋಗಿ.

ಎರಡು ತಿಂಗಳ ಮೇಲೆ ಬಂದಾಗ ಎಡಗಣ್ಣು ಪೂರ್ತಿ ತಿಳಿಯಾಗಿರಲಿಲ್ಲ. ಇಂಜೆಕ್ಷನ್ ಮತ್ತೆ ಶುರುವಾಗಿತ್ತು, ಮನೋವೈದ್ಯರ ಮಾತ್ರೆಯಿಂದ ನಿದ್ದೆ ಬರುತ್ತಿತ್ತು. ಮಣಿ ಕುಚ್ಚು ಇನ್ನೂ ಆಗುತ್ತಿಲ್ಲ, ಬರೀ ದಾರದ್ದು ಕಟ್ಟುತ್ತಿದ್ದೇನೆ ಎಂದರು.

"ಹತ್ತು ಸೂಜಿ ಸಾಲಲ್ಲ ಮೇಡಂ, ಹದಿನೈದು ಪೋಣಿಸೋಕೆ ಹೇಳಿ ಅವನಿಗೆ."