ರಬ್ಬರ್ ಬೋಟಿಗೆ ಸ್ಟೀರಿಂಗ್ ಕೂರಿಸುವ ಮೊದಲು

ಪ್ರಶ್ನೆ: ವಾಣಿವಿಲಾಸ ಸಾಗರದ ಹಿನ್ನೀರಿನ ಅಂಚಿನಲ್ಲಿ ನಮ್ಮ ತೋಟವಿದೆ. ಆಚೆ ದಡಕ್ಕೆ ಹೋಗಿಬರಲು ಗಾಳಿ ತುಂಬುವ ರಬ್ಬರ್ ಬೋಟ್, ಅದಕ್ಕೊಂದು 20 ಎಚ್‌ಪಿ ಔಟ್‌ಬೋರ್ಡ್ ಎಂಜಿನ್, ಎರಡನ್ನೂ ಸೆಕೆಂಡ್ ಹ್ಯಾಂಡಿನಲ್ಲಿ ತೆಗೆದುಕೊಂಡೆವು. ಹಿಂದೆ ಕೂತು, ಒಂದು ಕೈಯಲ್ಲಿ ಎಂಜಿನ್ನಿನ ಹಿಡಿಕೆ ಹಿಡಿದು, ಸೊಂಟ ತಿರುಚಿಕೊಂಡು ಮುಂದೆ ನೋಡಬೇಕು. ನನಗೆ ಅರವತ್ತು ಹತ್ತಿರ, ಸೊಂಟ ಹಿಡಿದುಕೊಳ್ಳುತ್ತದೆ. ಮುಂದೆ ಕೂತು ಕಾರಿನ ಹಾಗೆ ಸ್ಟೀರಿಂಗ್ ತಿರುಗಿಸುವಂತೆ ಮಾಡಿಸಬಹುದೇ? ನಮ್ಮ ಕಡೆ ವೆಲ್ಡಿಂಗ್ ಅಂಗಡಿಯವರೊಬ್ಬರು ಹಳೇ ಕಾರಿನ ಸ್ಟೀರಿಂಗ್ ರ‍್ಯಾಕ್ ಹಾಕಿ ಕಡಿಮೆ ಖರ್ಚಿನಲ್ಲಿ ಮಾಡಿಕೊಡುತ್ತೇನೆ ಎನ್ನುತ್ತಾರೆ.
— ಓದುಗರು, ಹೊಸದುರ್ಗ ತಾಲ್ಲೂಕು

ಉತ್ತರ: ಮಾಡಿಸಬಹುದು ಸರ್. ಆದರೆ ಕಾರಿನ ರ‍್ಯಾಕ್ ಬೇಡ. ವೆಲ್ಡಿಂಗ್‌ನವರ ಕೈಗುಣದ ಮೇಲೆ ನನಗೇನೂ ಅನುಮಾನವಿಲ್ಲ. ನಾನಿರುವುದು ಹರಿಹರದಲ್ಲಿ, ಲೇತ್ ಕೆಲಸಕ್ಕೆ ಹೆಸರಾದ ಊರು. ಬೇಕಾದ ಪಾರ್ಟು ಇಲ್ಲಿ ಸಂಜೆಯೊಳಗೆ ತಯಾರಾಗುತ್ತದೆ. ತೊಂದರೆ ಇರುವುದು ಎಂಜಿನ್ ಅಲ್ಲಾಡುವ ರೀತಿಯಲ್ಲಿ.

ಔಟ್‌ಬೋರ್ಡ್ ಎಂಜಿನ್ ಎರಡು ಥರ ತಿರುಗುತ್ತದೆ. ದಿಕ್ಕು ಬದಲಿಸಲು ಎಡಕ್ಕೆ ಬಲಕ್ಕೆ ತಿರುಗುವುದು ಒಂದು. ದಡ ಹತ್ತಿದಾಗ ಅಥವಾ ನೀರೊಳಗೆ ಏನಕ್ಕಾದರೂ ಬಡಿದಾಗ ಬಾಲ ಮೇಲಕ್ಕೆತ್ತುವುದು ಇನ್ನೊಂದು. ಎತ್ತುವಾಗ ಎಂಜಿನ್ ಒಂದು ಅಡ್ಡ ಕೊಳವೆಯ ಮೇಲೆ ತಿರುಗುತ್ತದೆ. ಹಿಂಬದಿ ಹಲಗೆಗೆ ಬಿಗಿಯುವ ಕ್ಲ್ಯಾಂಪುಗಳ ಮೇಲ್ತುದಿಯಲ್ಲಿ ನೋಡಿ, ಕಾಣುತ್ತದೆ. ಅದಕ್ಕೆ ಟಿಲ್ಟ್ ಟ್ಯೂಬ್ ಎನ್ನುತ್ತಾರೆ. ಕಂಪನಿಯ ಸ್ಟೀರಿಂಗ್ ಕೇಬಲ್ಲಿನ ಉಕ್ಕಿನ ಸರಳು ಸರಿಯಾಗಿ ಇದೇ ಕೊಳವೆಯೊಳಗೆ ಹಾದು ಆಚೆ ಬದಿಯಿಂದ ಹೊರಬರುತ್ತದೆ. ಅಲ್ಲಿಂದ ಒಂದು ಗೇಣುದ್ದದ ಲಿಂಕ್ ರಾಡ್ ಎಂಜಿನ್ನಿನ ಮುಂಭಾಗದ ತೋಳನ್ನು ಹಿಡಿದಿರುತ್ತದೆ. ಚಕ್ರ ತಿರುಗಿಸಿದರೆ ಸರಳು ಸುಮಾರು 9 ಇಂಚು ಒಳಹೊರಗೆ ಸರಿಯುತ್ತದೆ, ಎಂಜಿನ್ ತಿರುಗುತ್ತದೆ. ಎಂಜಿನ್ ಮೇಲೆದ್ದರೂ ಸರಳು ಅದೇ ಅಚ್ಚಿನ ಮೇಲಿರುವುದರಿಂದ ಲಿಂಕ್ ಎಳೆದಾಡುವುದಿಲ್ಲ, ಸ್ಟೀರಿಂಗ್ ಕಚ್ಚಿಕೊಳ್ಳುವುದಿಲ್ಲ. ಈ ಯೋಚನೆ ಮಾಡಿದವರ ಜಾಣ್ಮೆಗೆ ನಾನು ಈಗಲೂ ತಲೆಬಾಗುತ್ತೇನೆ. ಕಾರಿನ ರ‍್ಯಾಕನ್ನು ಹಲಗೆಗೆ ಬೋಲ್ಟ್ ಮಾಡಿ ಅದರ ಟೈ ರಾಡನ್ನು ಎಂಜಿನ್ನಿಗೆ ಕಟ್ಟಿದರೆ ಈ ಅಚ್ಚು ತಪ್ಪುತ್ತದೆ. ನೇರ ಓಡುವಾಗ ಚೆನ್ನಾಗಿಯೇ ಇರುತ್ತದೆ. ಎಂಜಿನ್ ಮೇಲಕ್ಕೆ ಎಗರಿದ ದಿನ ರಾಡ್ ಬಾಗುತ್ತದೆ, ಇಲ್ಲವೇ ವೆಲ್ಡಿಂಗ್ ಬಿಡುತ್ತದೆ.

ನಿಮ್ಮ ನೀರಿನಲ್ಲಿ ಎಂಜಿನ್ ಎಗರುವ ದಿನ ಬಂದೇ ಬರುತ್ತದೆ. 1907ರಲ್ಲಿ ಕಟ್ಟಿ ಮುಗಿಸಿದ ಮಾರಿಕಣಿವೆ, ಅಂದರೆ ನಿಮ್ಮ ವಾಣಿವಿಲಾಸ ಸಾಗರ, 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಕೋಡಿ ಹರಿದದ್ದು 2022ರಲ್ಲಿ. ಅಷ್ಟು ವರ್ಷ ಒಣಗಿದ್ದ ಅಂಚಿನಲ್ಲಿ ಜನ ತೋಟ ಮಾಡಿದ್ದರು; ನೀರು 130 ಅಡಿಗೆ ಏರಿದಾಗ ಅವೆಲ್ಲ ಮುಳುಗಿದವು. ತೆಂಗಿನ ಬೊಡ್ಡೆ, ಬೇಲಿಯ ಕಲ್ಲುಕಂಬ, ಬೋರ್‌ವೆಲ್ಲಿನ ಕೇಸಿಂಗ್ ಪೈಪು ಎಲ್ಲೆಲ್ಲಿ ನೀರಡಿ ಇವೆಯೋ ಮೇಲಿನಿಂದ ಕಾಣುವುದಿಲ್ಲ. ಹಾಗಾಗಿ ಎಂಜಿನ್ ಪೂರ್ತಿ ಮೇಲೆದ್ದು ಕೆಳಗಿಳಿದರೂ ಕೇಬಲ್ಲಿಗೆ ಜಗ್ಗಾಟ ಬಾರದಂತೆ ಕೂರಿಸುವುದೇ ನಿಮ್ಮ ಕೆಲಸದಲ್ಲಿ ಮೊದಲನೆಯದು.

ಹಗ್ಗ-ರಾಟೆಯ ಸ್ಟೀರಿಂಗ್ ಎಂದು ಇನ್ನೊಂದು ಅಗ್ಗದ ದಾರಿಯನ್ನೂ ಯಾರಾದರೂ ಹೇಳಿಯಾರು. ತಂತಿಹಗ್ಗ ಎರಡೂ ಬದಿಯ ರಾಟೆಗಳ ಮೇಲೆ ಹಾದು ಎಂಜಿನ್ನನ್ನು ಎಳೆಯುವ ಹಳೇ ಪದ್ಧತಿ ಅದು. ಮರದ ದೋಣಿಗೆ ಸರಿ. ರಬ್ಬರ್ ಬೋಟು ಅಲೆಯ ಮೇಲೆ ಮೈ ಬಳುಕಿಸುತ್ತದೆ, ಬೆಳಗಿನ ತಂಪಿಗೆ ಅದರ ಗಾಳಿಯ ಟ್ಯೂಬು ಮೆತ್ತಗಾಗುತ್ತದೆ, ಮಧ್ಯಾಹ್ನದ ಬಿಸಿಲಿಗೆ ಬಿಗಿಯಾಗುತ್ತದೆ. ಒಂದೇ ದಿನದಲ್ಲಿ ಹಗ್ಗ ಸಡಿಲಾಗಿ ಬಿಗಿಯಾಗುವ ಸ್ಟೀರಿಂಗನ್ನು ನಂಬಿ ನೀರಿಗಿಳಿಯಬಾರದು. ಹೈಡ್ರಾಲಿಕ್ ಸ್ಟೀರಿಂಗ್ ದೊಡ್ಡ ಎಂಜಿನ್ನುಗಳಿಗೆ; 20 ಎಚ್‌ಪಿಗೆ ದುಡ್ಡು ದಂಡ. ಮೊದಲು ಹೇಳಿದ, ಸರಳನ್ನು ತಳ್ಳುವ-ಎಳೆಯುವ ಕೇಬಲ್ಲೇ ನಿಮಗೆ ಸರಿ.

ಆದರೆ ಅದನ್ನು ಕೊಳ್ಳುವ ಮೊದಲು ಎಂಜಿನ್ ಬಿಟ್ಟು ಬೋಟಿನ ತಳ ನೋಡಿ ಸರ್. ಹೆಚ್ಚಿನವರು ಎಡವುವುದು ಇಲ್ಲಿಯೇ. ಚಕ್ರವನ್ನು ಕೂರಿಸುವ ಪೆಟ್ಟಿಗೆಗೆ ಗಟ್ಟಿ ನೆಲ ಬೇಕು. ತಿರುವಿನಲ್ಲಿ ಓಡಿಸುವವರು ಚಕ್ರ ಹಿಡಿದೇ ಜೋಲುತ್ತಾರೆ, ಆ ಭಾರವೆಲ್ಲ ನಾಲ್ಕು ಬೋಲ್ಟುಗಳ ಮೇಲೆ ಬೀಳುತ್ತದೆ. ನಿಮ್ಮ ಬೋಟಿನ ತಳ ಅಲ್ಯೂಮಿನಿಯಂ ಹಲಗೆಯದೋ ಪ್ಲೈವುಡ್ಡಿನದೋ ಆಗಿದ್ದರೆ ಅಡಿಯಿಂದ ದೊಡ್ಡ ವಾಷರ್, ಸ್ಟೇನ್‌ಲೆಸ್ ಬೋಲ್ಟ್ ಕೊಟ್ಟು ಕೂರಿಸಬಹುದು. ಬೋಲ್ಟಿನ ತುದಿ ಕೆಳಗಿನ ಬಟ್ಟೆಗೆ ತಾಗದ ಹಾಗೆ ಕತ್ತರಿಸಿ ಅರ ಹಾಕಿಸಿ. ತಳವೂ ಗಾಳಿಯದೇ ಆಗಿದ್ದರೆ ಪೆಟ್ಟಿಗೆ ನಿಲ್ಲುವುದಿಲ್ಲ. ಈ ಕೆಲಸವನ್ನೇ ಕೈಬಿಡಿ. ಟ್ಯೂಬಿಗಂತೂ ಎಲ್ಲೂ ಸ್ಕ್ರೂ ತಾಗಿಸಬೇಡಿ.

ತಳ ಗಟ್ಟಿ ಎಂದಾದರೆ ಹಿಂದಿನ ಹಲಗೆಯ ಮೇಲೆ ತಯಾರಕರು ಅಂಟಿಸಿದ ಫಲಕ ಹುಡುಕಿ. ಗರಿಷ್ಠ ಎಷ್ಟು ಎಚ್‌ಪಿ, ಎಷ್ಟು ಜನ, ಟ್ಯೂಬಿಗೆ ಎಷ್ಟು ಒತ್ತಡ ಎಂದು ಬರೆದಿರುತ್ತದೆ. 20 ಎಚ್‌ಪಿ ಅದರ ಮಿತಿಯೊಳಗಿದೆಯೇ ನೋಡಿಕೊಳ್ಳಿ. ಆ ಹಲಗೆ ಟ್ಯೂಬಿಗೆ ಅಂಟಿರುವ ಅಂಚಿನಲ್ಲಿ ಉಗುರು ಸರಿಸಿ. ಎಲ್ಲಾದರೂ ಎದ್ದಿದ್ದರೆ ಮೊದಲು ಅದರ ರಿಪೇರಿ. ಆಮೇಲೆ ಎಂಜಿನ್ ಮಾಡೆಲ್ಲಿಗೆ ರಿಮೋಟ್ ಕಿಟ್, ಅಂದರೆ ಮುಂದೆ ಕೂತು ಓಡಿಸಲು ಬೇಕಾದ ಜೋಡಣೆಯ ಸಾಮಾನು, ಇದೆಯೇ ಎಂದು ಡೀಲರನ್ನು ಕೇಳಿ. ಹಿಡಿಕೆಯ ಎಂಜಿನ್ನುಗಳಲ್ಲಿ ಕೆಲವಕ್ಕೆ ಮಾತ್ರ ಕೇಬಲ್ ಹಾಯುವ ಕೊಳವೆ ಇರುತ್ತದೆ.

ಇನ್ನೊಂದು ಅಳತೆಯನ್ನು ನೀವೇ ತೆಗೆಯಬಹುದು, ರಬ್ಬರ್ ಬೋಟುಗಳಲ್ಲಿ ಕೆಲಸ ಕೆಡುವುದು ಇದರಲ್ಲೇ. ಕೇಬಲ್ ಸಾಮಾನ್ಯವಾಗಿ ಬಲಬದಿಯಿಂದ ಕೊಳವೆಗೆ ಹೋಗುತ್ತದೆ. ಕೊಳವೆಯ ಬಾಯಿಂದ ಕೇಬಲ್ ನೇರ ಹೊರಬಂದು, ನಿಧಾನವಾಗಿ ಬಾಗಿ, ಮುಂದಕ್ಕೆ ತಿರುಗಬೇಕು. ಬಾಗುವ ತ್ರಿಜ್ಯ 8 ಇಂಚಿಗಿಂತ ಕಡಿಮೆಯಾದರೆ ಒಳಗಿನ ತಂತಿ ಉಜ್ಜಿ ಚಕ್ರ ಬಿಗಿಯಾಗುತ್ತದೆ. ಮರದ ದೋಣಿಯಲ್ಲಿ ಅಲ್ಲಿ ಖಾಲಿ ಜಾಗ, ನಿಮ್ಮದರಲ್ಲಿ ದಪ್ಪನೆಯ ಟ್ಯೂಬು. ಎಂಜಿನ್ ಹಾಕಿ, ಟ್ಯೂಬಿಗೆ ಪೂರ್ತಿ ಗಾಳಿ ತುಂಬಿ, ಒಂದು ದಪ್ಪ ನೀರಿನ ಪೈಪನ್ನು ಕೇಬಲ್ಲಿನ ಜಾಗದಲ್ಲಿ ಹಿಡಿದು ಬಾಗಿಸಿ ನೋಡಿ. ಟ್ಯೂಬಿನ ಮೇಲಿಂದ ಹಾಯುತ್ತದೋ, ಒತ್ತುತ್ತದೋ, ಎಂಜಿನ್ ಎಡಬಲ ಪೂರ್ತಿ ತಿರುಗಿಸಿದಾಗ ಏನಾಗುತ್ತದೆ, ಎತ್ತಿದಾಗ ಏನಾಗುತ್ತದೆ? ಉಜ್ಜುವ ಜಾಗವಿದ್ದರೆ ಅಲ್ಲಿ ಟ್ಯೂಬಿನದೇ ಬಟ್ಟೆಯ ದಪ್ಪ ತೇಪೆ ಅಂಟಿಸಿ. ಉದ್ದವನ್ನೂ ಹೀಗೆಯೇ, ಚಕ್ರದ ಜಾಗದಿಂದ ಎಂಜಿನ್ನಿನ ನಡುವಿನವರೆಗೆ ಕೇಬಲ್ ಹೋಗುವ ದಾರಿಯಲ್ಲೇ ಹಗ್ಗ ಹಾಸಿ ಅಳೆಯಿರಿ. ಕೇಬಲ್ ಅಡಿ ಲೆಕ್ಕದಲ್ಲಿ ಬರುತ್ತದೆ; ನಡುವೆ ಬಂದರೆ ಮೇಲಿನ ಅಡಿ ತೆಗೆದುಕೊಳ್ಳಿ. ಉಪಕರಣ ತಯಾರಕರ ಅಳತೆ ಪಟ್ಟಿಗೆ ಒಮ್ಮೆ ಹೊಂದಿಸಿ ನೋಡಿಯೇ ಆರ್ಡರ್ ಕೊಡಿ.

ಕೂರಿಸುವವರ ಪಕ್ಕ ನೀವು ನಿಂತಿರಿ. ಲಿಂಕ್ ರಾಡಿನ ಎರಡೂ ತುದಿಗೆ ಹೊಸ ನೈಲಾಕ್ ನಟ್ ಹಾಕಿಸಿ, ಬಿಚ್ಚಿದ್ದನ್ನೇ ಮತ್ತೆ ಹಾಕಲು ಬಿಡಬೇಡಿ. ಒಮ್ಮೆ ಬಿಚ್ಚಿದರೆ ಒಳಗಿನ ನೈಲಾನ್ ಹಿಡಿತ ಕಳೆದುಕೊಂಡಿರುತ್ತದೆ. ಈ ನಟ್ಟು ನೀರಿನ ನಡುವೆ ಉದುರಿತೆಂದರೆ ಚಕ್ರ ಕೈಯಲ್ಲಿ ಸುಮ್ಮನೆ ಸುತ್ತುತ್ತಿರುತ್ತದೆ. ದಿಕ್ಕನ್ನು ದಡದಲ್ಲೇ ಪರೀಕ್ಷಿಸಿ: ಚಕ್ರ ಬಲಕ್ಕೆ ತಿರುಗಿಸಿದಾಗ ಹಿಂದಿನ ಪ್ರೊಪೆಲ್ಲರ್ ಕೂಡ ಬಲಕ್ಕೇ ಸರಿಯಬೇಕು. ಹಿಡಿಕೆಯಲ್ಲಿ ಎಡಕ್ಕೆ ತಳ್ಳಿದರೆ ಬೋಟು ಬಲಕ್ಕೆ ಹೋಗುತ್ತಿತ್ತು; ಅದು ನಿಮ್ಮ ಕೈಗೆ ರೂಢಿಯಾಗಿರುವುದರಿಂದ ಮೊದಲು ಯಾರೂ ಇಲ್ಲದ ಅಗಲ ನೀರಿನಲ್ಲಿ ನಿಧಾನವಾಗಿ ಓಡಿಸಿ.

ಚಕ್ರದ ಜೊತೆ ಗೇರ್ ಮತ್ತು ಆಕ್ಸಿಲರೇಟರಿನ ಎರಡು ಕೇಬಲ್, ಅವುಗಳ ಕಂಟ್ರೋಲ್ ಬಾಕ್ಸ್ ಕೂಡ ಮುಂದಕ್ಕೆ ಬರಬೇಕು. ಸೆಲ್ಫ್ ಸ್ಟಾರ್ಟ್ ಆದರೆ 12 ವೋಲ್ಟ್ ಬ್ಯಾಟರಿ, ಮುಚ್ಚಳದ ಡಬ್ಬಿಯಲ್ಲಿ, ಬೆಲ್ಟಿನಿಂದ ಬಿಗಿದು. ಎಂಜಿನ್ ಆಫ್ ಮಾಡುವ ಕೆಂಪು ದಾರದ ಸ್ವಿಚ್ಚು ಎಂಜಿನ್ನಿನ ಬಳಿಯೇ ಉಳಿಯುವಂತಿಲ್ಲ. ಅದು ಮುಂದೆ ಬಂದು, ದಾರ ನಿಮ್ಮ ಮೊಣಕಾಲಿಗೋ ಲೈಫ್ ಜಾಕೆಟ್ಟಿಗೋ ಸಿಕ್ಕಿಕೊಂಡಿರಬೇಕು. ನೀವು ಆಯತಪ್ಪಿ ನೀರಿಗೆ ಬಿದ್ದರೆ ಬೋಟು ಸುತ್ತು ಹೊಡೆದು ನಿಮ್ಮ ಮೇಲೆಯೇ ಬರುತ್ತದೆ, ಆಗ ತಿರುಗುವ ಪ್ರೊಪೆಲ್ಲರನ್ನು ನಿಲ್ಲಿಸುವುದು ಆ ದಾರವೊಂದೇ. ಇದನ್ನು ಮನೆಯವರಿಗೂ ಹೇಳಿಕೊಡಿ.

ಲಾಭವೂ ಇದೆ. ನೀವು ಮುಂದಕ್ಕೆ ಬಂದರೆ ಬೋಟಿನ ಭಾರ ಹಂಚಿಹೋಗುತ್ತದೆ, ಮೂತಿ ಮೇಲೆತ್ತುವುದು ಕಡಿಮೆಯಾಗುತ್ತದೆ, ಎದುರಿನ ಬೊಡ್ಡೆ ಬೇಗ ಕಣ್ಣಿಗೆ ಬೀಳುತ್ತದೆ. ನಷ್ಟವೆಂದರೆ ಇನ್ನು ಬೋಟನ್ನು ಗಾಳಿ ತೆಗೆದು ಮಡಚಿ ಜೀಪಿನಲ್ಲಿ ಹಾಕಿಕೊಂಡು ಬರುವುದು ಸುಲಭವಲ್ಲ, ಟ್ರೇಲರ್ ಬೇಕಾಗುತ್ತದೆ. ಸುಮಾರು 50 ಕೆ.ಜಿ. ತೂಗುವ ಎಂಜಿನ್ನನ್ನು ಪ್ರತಿ ಸಲ ಕಳಚುವುದಿದ್ದರೆ ಕೇಬಲ್ಲುಗಳನ್ನೂ ಕಳಚಬೇಕು. ನಿಮ್ಮದು ದಿನವೂ ದಡಕ್ಕೆ ಕಟ್ಟುವ ಬೋಟಾದರೆ ಚಕ್ರ ಹಾಕಿಸಿ. ವಾರಕ್ಕೊಮ್ಮೆ ಮಡಚಿ ಮನೆಗೆ ತರುವುದಾದರೆ ಹಿಡಿಕೆಗೇ ಜೋಡಿಸುವ ಉದ್ದನೆಯ ಎಕ್ಸ್‌ಟೆನ್ಷನ್ ಹಿಡಿ ಸಿಗುತ್ತದೆ, ಒಂದು ಮೊಳ ಮುಂದೆ ಕೂತು, ಬೆನ್ನು ನೆಟ್ಟಗೆ ಮಾಡಿಕೊಂಡು ಓಡಿಸಬಹುದು. ನಿಮ್ಮ ಸೊಂಟಕ್ಕೆ ಅಷ್ಟೇ ಸಾಕಾದೀತು. ಮೊದಲು ಅದನ್ನೇ ಪ್ರಯತ್ನಿಸಿ ಎನ್ನುವುದು ನನ್ನ ಅಭಿಪ್ರಾಯ. ಯಂತ್ರದ ದೋಣಿಗೆ 2021ರ ಒಳನಾಡು ಹಡಗುಗಳ ಕಾಯ್ದೆಯಡಿ ನೋಂದಣಿ ಬೇಕು, ಜಲಾಶಯದಲ್ಲಿ ಇಳಿಸಲು ನೀರಾವರಿಯವರ ಅನುಮತಿ ಬೇಕು, ಎರಡನ್ನೂ ವಿಚಾರಿಸಿಕೊಳ್ಳಿ.

ಪ್ರಶ್ನೆ: ನಮ್ಮ ಬೋಟಿಗೆ ಸ್ಟೀರಿಂಗ್ ಕೇಬಲ್ ಮೊದಲೇ ಇದೆ. ಮಳೆಗಾಲ ಮುಗಿಸಿ ತೆಗೆದರೆ ಚಕ್ರ ಅಲ್ಲಾಡುತ್ತಿಲ್ಲ. ಗ್ರೀಸ್ ಹೊಡೆದ ಮೇಲೆ ಇನ್ನೂ ಬಿಗಿಯಾಯಿತು. ನೇರ ಬಿಟ್ಟರೆ ಬೋಟು ಬಲಕ್ಕೆ ಎಳೆಯುತ್ತಿತ್ತು, ಅದಕ್ಕೂ ಇದಕ್ಕೂ ಸಂಬಂಧವಿದೆಯೇ?
— ಓದುಗರು, ಚನ್ನಗಿರಿ

ಉತ್ತರ: ಗ್ರೀಸ್ ಹೊಡೆಯುವಾಗ ಸರಳು ಹೊರಗೆ ಚಾಚಿಕೊಂಡಿತ್ತು ಅನ್ನಿಸುತ್ತದೆ. ಸರಳನ್ನು ಪೂರ್ತಿ ಕೊಳವೆಯೊಳಗೆ ಎಳೆದುಕೊಂಡ ಮೇಲೆಯೇ ನಿಪ್ಪಲ್ಲಿಗೆ ಗ್ರೀಸ್ ಕೊಡಬೇಕು. ಹೊರಗಿದ್ದಾಗ ತುಂಬಿದರೆ ಕೊಳವೆಯಲ್ಲಿ ಗ್ರೀಸ್ ಅಡಕವಾಗಿ, ಸರಳು ಹಿಂದೆ ಬರಲು ಜಾಗವಿಲ್ಲದೆ ಸ್ಟೀರಿಂಗ್ ಲಾಕ್ ಆಗುತ್ತದೆ. ಲಿಂಕ್ ರಾಡ್ ಬಿಚ್ಚಿ ಎಂಜಿನ್ನನ್ನು ಕೈಯಲ್ಲಿ ತಿರುಗಿಸಿ: ಎಂಜಿನ್ ಸಲೀಸಾಗಿ ತಿರುಗಿದರೆ ದೋಷ ಕೇಬಲ್ಲಿನದು. ಕೊಳವೆಯ ನಟ್ ಬಿಚ್ಚಿ ಸರಳು ಹೊರಗೆಳೆದು, ಹಳೇ ಗ್ರೀಸನ್ನು ಡೀಸೆಲ್ ಬಟ್ಟೆಯಿಂದ ಒರೆಸಿ ತೆಗೆಯಿರಿ. ನಿಮ್ಮ ಕಡೆಯ ಸೂಳೆಕೆರೆಯ ಹೂಳು ನಯವಾದದ್ದು, ಗ್ರೀಸಿನ ಜೊತೆ ಬೆರೆತು ಗಟ್ಟಿಯಾಗುತ್ತದೆ. ಸರಳಿನ ಮೇಲೆ ತುಕ್ಕಿನ ಗುಳಿಗಳು ಕಂಡರೆ, ಅಥವಾ ಹೊರ ಪ್ಲಾಸ್ಟಿಕ್ ಸೀಳಿ ನೀರು ಇಳಿದಿದ್ದರೆ, ತೊಳೆದು ಪ್ರಯೋಜನವಿಲ್ಲ, ಕೇಬಲ್ ಹೊಸದು ಹಾಕಿಸಿ. ಸ್ಟೀರಿಂಗ್ ಕೇಬಲ್ಲನ್ನು ಕತ್ತರಿಸಿ ಜೋಡಿಸುವ ರಿಪೇರಿ ಎಂಬುದು ಇಲ್ಲ.

ಬಲಕ್ಕೆ ಎಳೆಯುವುದು ಬೇರೆ ವಿಷಯ. ಪ್ರೊಪೆಲ್ಲರ್ ತಿರುಗುವ ಬಲವೇ ಎಂಜಿನ್ನನ್ನು ಒಂದು ಪಕ್ಕಕ್ಕೆ ದೂಡುತ್ತಿರುತ್ತದೆ. ಪ್ರೊಪೆಲ್ಲರಿನ ಮೇಲ್ಗಡೆ ಮೀನಿನ ಈಜುರೆಕ್ಕೆಯಂಥ ಪುಟ್ಟ ಲೋಹದ ತುಂಡಿದೆಯೇ ನೋಡಿ. ಅದರ ಬೋಲ್ಟ್ ಸಡಿಲಿಸಿ, ಹಿಂದಿನ ಅಂಚನ್ನು ಬೋಟು ಎಳೆಯುವ ಕಡೆಗೇ, ನಿಮ್ಮದರಲ್ಲಿ ಬಲಕ್ಕೆ, ತುಸು ತಿರುಗಿಸಿ ಬಿಗಿ ಮಾಡಿ. ಓಡಿಸಿ ನೋಡಿ ಮತ್ತೆ ಹೊಂದಿಸಿ. ಆ ತುಂಡಿಗೆ ಬಣ್ಣ ಬಳಿಯಬೇಡಿ. ಹೆಚ್ಚಿನ ಎಂಜಿನ್ನುಗಳಲ್ಲಿ ಅದು ತಾನು ಸವೆದು ಎಂಜಿನ್ನಿನ ಲೋಹವನ್ನು ಕಾಪಾಡುವ ತುಂಡೂ ಹೌದು.

ಪ್ರಶ್ನೆ: ಕೇಬಲ್ ಉಜ್ಜುವ ಕಡೆ ತೇಪೆ ಹಾಕಿದೆ, ಎರಡೇ ದಿನಕ್ಕೆ ಎದ್ದು ಬಂತು. ಸೈಕಲ್ ಪಂಕ್ಚರಿನ ಸಲ್ಯೂಷನ್ ಬಳಸಿದ್ದೆ. ಬಿಸಿಲಿಗೆ ಟ್ಯೂಬು ಕಲ್ಲಿನಷ್ಟು ಗಟ್ಟಿಯಾಗುತ್ತದೆ, ಒಡೆದೀತೇ?
— ಓದುಗರು, ದಾವಣಗೆರೆ

ಉತ್ತರ: ರಬ್ಬರ್ ಬೋಟು ಎನ್ನುತ್ತೇವಾದರೂ ಬಟ್ಟೆ ಎರಡು ಜಾತಿಯದು: ಪಿವಿಸಿ ಮತ್ತು ಹೈಪಲಾನ್. ಒಂದರ ಗಮ್ಮು ಇನ್ನೊಂದಕ್ಕೆ ಹಿಡಿಯುವುದಿಲ್ಲ, ಸೈಕಲ್ಲಿನದು ಎರಡಕ್ಕೂ ಹಿಡಿಯುವುದಿಲ್ಲ. ಕಾಣದ ಮೂಲೆಯಲ್ಲಿ ಅಸಿಟೋನ್ ಒಂದು ಹನಿ ಒರೆಸಿ ನೋಡಿ. ಪಿವಿಸಿಯಾದರೆ ಮೇಲ್ಮೈ ಅಂಟಂಟಾಗುತ್ತದೆ. ಪಿವಿಸಿಗೆ ಪಾಲಿಯುರೆಥೇನ್ ಗಮ್ಮು, ಹೈಪಲಾನ್‌ಗೆ ನಿಯೋಪ್ರೀನ್ ಗಮ್ಮು, ಎರಡೂ ಗಟ್ಟಿಕಾರಕ ಬೆರೆಸಿ ಹಚ್ಚುವಂಥವು. ಗಾಳಿ ಇಳಿಸಿ, ಒಣ ದಿನ ನೋಡಿ, ಎರಡೂ ಮುಖಕ್ಕೆ ತೆಳ್ಳಗೆ ಹಚ್ಚಿ, ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಬಿಟ್ಟು ಒತ್ತಿ. ಒಂದು ಪೂರ್ತಿ ದಿನ ಗಾಳಿ ತುಂಬಬೇಡಿ.

ಬಿಸಿಲಿನ ಮಾತು ನಿಜ. ಸಾಮಾನ್ಯ ಟ್ಯೂಬಿನಲ್ಲಿ 0.25 ಬಾರ್ ಗಾಳಿ ಇರುತ್ತದೆ. ಬೆಳಿಗ್ಗೆ 25 ಡಿಗ್ರಿಯಲ್ಲಿ ತುಂಬಿದ್ದು ಟ್ಯೂಬಿನ ಮೈ 45 ಡಿಗ್ರಿಗೆ ಕಾದಾಗ ಹೆಚ್ಚುಕಡಿಮೆ 0.33 ಬಾರ್ ಆಗುತ್ತದೆ, ಅಂದರೆ ಮೂರನೇ ಒಂದು ಪಾಲು ಜಾಸ್ತಿ. ನೀರಿನಲ್ಲಿದ್ದರೆ ತಳ ತಂಪಾಗಿ ಸರಿಹೋಗುತ್ತದೆ. ಏಪ್ರಿಲ್ ಬಿಸಿಲಲ್ಲಿ ದಡದ ಮೇಲೆ ಬಿಡುವುದಾದರೆ ಪ್ರತಿ ಕೋಣೆಯಿಂದ ಸ್ವಲ್ಪ ಗಾಳಿ ಬಿಟ್ಟು ಮೇಲೊಂದು ಬಿಳೀ ಹೊದಿಕೆ ಹಾಕಿ. ಸಂಜೆ ಮತ್ತೆ ನೀರಿಗೆ ಇಳಿಸುವ ಮೊದಲು ಪಂಪಿನ ಗೇಜ್ ನೋಡಿ ತುಂಬಿಕೊಳ್ಳಿ, ಹೆಬ್ಬೆರಳಿನಿಂದ ಒತ್ತಿ ಅಂದಾಜು ಮಾಡಬೇಡಿ.