ನಿಮ್ಮ ಕ್ಯಾಮ್‌ಶಾಫ್ಟ್ ಲೇಖನ ವಾಪಸ್ ಕಳಿಸುತ್ತಿದ್ದೇನೆ

ನಮಸ್ಕಾರ.

‘ಮನೆಯಲ್ಲೇ ಕ್ಯಾಮ್‌ಶಾಫ್ಟ್ ಬದಲಾವಣೆ: ಬೇಕಾದ ಉಪಕರಣಗಳು’ ಲೇಖನ ಓದಿದೆ. ಈಗಿರುವ ಹಾಗೆ ನಮ್ಮ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಹಾಗಂತ ಎಸೆಯುವ ಬರಹವೂ ಅಲ್ಲ. ಟೆಕ್ಸಾಸಿನ ಮನೆಯ ಗ್ಯಾರೇಜಿನಲ್ಲಿ, ಎಂಜಿನ್ ಕೆಳಗಿಳಿಸದೆ, 2002ರ ಕಮಾರೊ ಕಾರಿನ ಎಲ್‌ಎಸ್1 ಎಂಜಿನ್ನಿಗೆ ಕ್ಯಾಮ್ (ಎಂಜಿನ್ನಿನ ಗಾಳಿ, ಹೊಗೆಯ ಬಾಗಿಲುಗಳಾದ ವಾಲ್ವ್‌ಗಳನ್ನು ತೆರೆಯುವ ದಂಡ) ಮತ್ತು ವಾಲ್ವ್ ಮುಚ್ಚುವ ಸ್ಪ್ರಿಂಗ್ ನೀವೇ ಹಾಕಿದ್ದೀರಿ. ಇಂಥ ಕೆಲಸ ಮಾಡಿ ಕನ್ನಡದಲ್ಲಿ ಬರೆಯುವವರು ನಮಗೆ ಸಿಗುವುದೇ ಅಪರೂಪ. ಅದಕ್ಕೇ ಇಷ್ಟುದ್ದ ಉತ್ತರ. ಪತ್ರಿಕೆಗೆ ಬರುವ ಮುಂಚೆ ನಾನೂ ಸ್ವಲ್ಪ ಕಾಲ ಗ್ರೀಸ್ ಕೈಯಲ್ಲಿ ಓಡಾಡಿದವನೇ, ಹಾಗಾಗಿ ನೇರವಾಗಿ ಹೇಳುತ್ತೇನೆ.

ಮೊದಲ ಪುಟ ಪೂರ್ತಿ ತೆಗೆಯಿರಿ. ‘ಕಾರು ಬರೀ ಯಂತ್ರವಲ್ಲ, ಅದಕ್ಕೂ ಒಂದು ಹೃದಯವಿದೆ’ ಎಂದು ಶುರು ಮಾಡಿದ್ದೀರಿ. ಕ್ಯಾಮ್ ಕೈಯಲ್ಲಿ ಹಿಡಿದು ನಿಂತವನಿಗೆ ಇದು ಯಾಕೆ? ಅವನ ತಲೆಯಲ್ಲಿ ಬೇರೆ ಪ್ರಶ್ನೆ ಇದೆ: ಕ್ಯಾಮ್ ಹಾಕಿದರೆ ಸಾಲದಾ, ಸ್ಪ್ರಿಂಗ್ ಯಾಕೆ? ಅದಕ್ಕೆ ನಿಮ್ಮಲ್ಲಿ ಒಂದು ಸಾಲೂ ಇಲ್ಲ. ಹೊಸ ಕ್ಯಾಮ್ ವಾಲ್ವನ್ನು ಜಾಸ್ತಿ ಎತ್ತುತ್ತದೆ. ಹಳೆ ಸ್ಪ್ರಿಂಗಿನ ಸುತ್ತುಗಳು ಒಂದಕ್ಕೊಂದು ತಾಗಿ ಇನ್ನು ಕುಗ್ಗಲು ಜಾಗವೇ ಇಲ್ಲದಂತಾಗಬಹುದು. ಎಂಜಿನ್ ಜೋರಾಗಿ ತಿರುಗುವಾಗ ಸಡಿಲ ಸ್ಪ್ರಿಂಗ್ ವಾಲ್ವನ್ನು ಹೊತ್ತಿಗೆ ಸರಿಯಾಗಿ ಮುಚ್ಚುವುದಿಲ್ಲ. ಇಷ್ಟು ಹೇಳಿಬಿಟ್ಟರೆ ಸಾಕು. ಮುಂದೆ ಸ್ಪ್ರಿಂಗ್ ಒತ್ತುವ ಕಂಪ್ರೆಸರ್ ಟೂಲ್ ಯಾಕೆ ಬೇಕು ಅಂತ ಓದುಗನೇ ಊಹಿಸುತ್ತಾನೆ.

ಆಮೇಲೆ ಆ ಪಟ್ಟಿ. ಮದುವೆ ಮನೆಯ ದಿನಸಿ ಚೀಟಿ ಥರ ಇದೆ. ಸ್ಕ್ರೂಡ್ರೈವರ್, ಬಟ್ಟೆ ಚೂರು, ಪುಲ್ಲಿ ಎಳೆದು ತೆಗೆಯುವ ಪುಲ್ಲರ್, ಬೋಲ್ಟಿನ ಬಿಗಿ ಅಳೆಯುವ ಟಾರ್ಕ್ ರೆಂಚ್, ಎಲ್ಲಕ್ಕೂ ಒಂದೊಂದೇ ಸಾಲು. ಸ್ಕ್ರೂಡ್ರೈವರ್ ಇಲ್ಲದಿದ್ದರೆ ಪಕ್ಕದ ಮನೆಯಲ್ಲಿ ಕೇಳಬಹುದು. ಲಿಫ್ಟರ್ (ಕ್ಯಾಮಿನ ಮೇಲೆ ಕೂತು ಏರಿಳಿಯುವ ಪುಟ್ಟ ಭಾಗ) ಹಿಡಿಯುವ ಕಡ್ಡಿ ಇಲ್ಲದಿದ್ದರೆ ಕೆಲಸವೇ ಹಾಳು. ಈ ವ್ಯತ್ಯಾಸ ನಿಮ್ಮ ಬರಹದಲ್ಲಿ ಕಾಣಿಸುವುದಿಲ್ಲ. ಯಾವ ಟೂಲ್ ಯಾವ ಹೊತ್ತಿಗೆ ಕೈಗೆ ಬರುತ್ತದೆ, ಅದಿಲ್ಲದಿದ್ದರೆ ಏನು ಕೆಡುತ್ತದೆ, ಅದನ್ನು ಬರೆಯಿರಿ. ಉಳಿದವು ಒಂದೇ ವಾಕ್ಯದಲ್ಲಿ ಮುಗಿಯಲಿ.

ಆ ಕಡ್ಡಿಯನ್ನೇ ನೋಡಿ. ಕೊನೆಯ ಪುಟದಲ್ಲಿ ಅರ್ಧ ಸಾಲು ಕೊಟ್ಟಿದ್ದೀರಿ. ನನ್ನ ಪ್ರಕಾರ ಲೇಖನದ ನಡುಮನೆಯೇ ಅದು. ಈ ಎಂಜಿನ್ನಿನಲ್ಲಿ ಕ್ಯಾಮ್ ಬ್ಲಾಕಿನ ಒಳಗಿದೆ, ಅದರ ಮೇಲೆ ಹದಿನಾರು ಲಿಫ್ಟರ್ ಕೂತಿವೆ. ವಾಲ್ವ್ ಒತ್ತುವ ರಾಕರ್ ಬಿಚ್ಚಿ, ಅದಕ್ಕೂ ಲಿಫ್ಟರಿಗೂ ನಡುವಿನ ಪುಶ್‌ರಾಡ್ ತೆಗೆದು, ಕ್ಯಾಮನ್ನು ಒಂದೆರಡು ಸುತ್ತು ತಿರುಗಿಸಿದರೆ ಲಿಫ್ಟರ್‌ಗಳು ಮೇಲೆದ್ದು ಪ್ಲಾಸ್ಟಿಕ್ ಟ್ರೇನಲ್ಲಿ ಸಿಕ್ಕಿಕೊಳ್ಳುತ್ತವೆ. ಬರೀ ಪ್ಲಾಸ್ಟಿಕ್ಕನ್ನು ನಂಬಿ ಕ್ಯಾಮ್ ಎಳೆಯಲು ಧೈರ್ಯ ಬರುವುದಿಲ್ಲ, ಅಲ್ವಾ? ಅದಕ್ಕೆ ಬ್ಲಾಕಿನ ಮುಂಭಾಗದಲ್ಲಿ ಕ್ಯಾಮಿನ ಎರಡೂ ಪಕ್ಕ ಇರುವ ತೂತುಗಳಲ್ಲಿ 5/16 ಇಂಚಿನ ಉದ್ದ ಕಡ್ಡಿ ತೂರಿಸಬೇಕು. ಒಂದು ಲಿಫ್ಟರ್ ಕೆಳಗೆ ಬಿದ್ದರೂ ಆಯಿಲ್ ಪ್ಯಾನ್ ಬಿಚ್ಚಬೇಕು. ವಾಪಸ್ ಕೂರಿಸಲು ಸಿಲಿಂಡರುಗಳ ಮೇಲಿನ ಮುಚ್ಚಳವಾದ ಹೆಡ್ ಕೂಡ ಬಿಚ್ಚಬೇಕು. ನೀವು ಮರದ ಕಡ್ಡಿ ಹಾಕಿದಿರೋ, ಉಕ್ಕಿನದೋ? ಮರದ್ದು ಒಳಗೇ ಮುರಿದರೆ ಏನು ಗತಿ? ಓದುಗ ಕೇಳುವುದು ಇದನ್ನೇ.

ವಾಲ್ವ್ ಸ್ಪ್ರಿಂಗ್ ಕಂಪ್ರೆಸರ್ ಬಗ್ಗೆ ‘ಒಳ್ಳೆ ಕಂಪನಿಯದು ತಗೊಳ್ಳಿ’ ಎಂದಿದ್ದೀರಿ. ಸುಮ್ನೆ ಹಾಗೆ ಹೇಳಿದರೆ ಯಾರಿಗೂ ಉಪಯೋಗವಿಲ್ಲ. ಕಮಾರೊದಲ್ಲಿ ಹಿಂದಿನ 7 ಮತ್ತು 8ನೇ ಸಿಲಿಂಡರ್ ಕಾರಿನ ಮುಂದಿನ ಗಾಜಿನ ಕೆಳಗಿನ ತಗಡಿನ ಅಡಿಗೆ ಹೋಗಿ ಕೂತಿವೆ. ಉದ್ದ ಹಿಡಿಯ ಸನ್ನೆಕೋಲು ಥರದ ಟೂಲ್ ಅಲ್ಲಿ ಆಡುವುದೇ ಇಲ್ಲ. ರಾಕರ್ ಬೋಲ್ಟಿನ ತೂತಿಗೆ ಕಚ್ಚಿಸಿ, ನಟ್ ತಿರುಗಿಸಿ ಸ್ಪ್ರಿಂಗ್ ಒತ್ತುವ ಗಿಡ್ಡ ಟೂಲ್ ಬೇಕು. ಆ ಮೂಲೆಯಲ್ಲಿ ಕೈ ತೂರಿಸಿದವರು ನೀವು, ಹೇಳಬೇಕಾದವರೂ ನೀವೇ.

ಸ್ಪ್ರಿಂಗ್ ತೆಗೆಯುವಾಗ ವಾಲ್ವ್ ಸಿಲಿಂಡರಿನೊಳಗೆ ಜಾರದಂತೆ ಗಾಳಿ ತುಂಬಿದಿರಿ ಸರಿ. ಪಿಸ್ಟನ್ ಎಲ್ಲಿತ್ತು ಅಂತ ಬರೆದಿಲ್ಲ. ಇದು ಬರೀ ಮರೆವಲ್ಲ, ಓದುಗನ ಕೈಗೆ ಅಪಾಯ. ಸಿಲಿಂಡರಿನ ಒಳ ಅಗಲ (ಬೋರ್) 99 ಮಿಲಿಮೀಟರ್. 100 ಪಿಎಸ್‌ಐ ಗಾಳಿ ಬಿಟ್ಟರೆ ಪಿಸ್ಟನ್ ಮೇಲೆ 500 ಕಿಲೋಗೂ ಜಾಸ್ತಿ ಒತ್ತಡ ಬೀಳುತ್ತದೆ. ಪಿಸ್ಟನ್ ಸರಿಯಾಗಿ ಮೇಲ್ತುದಿಯಲ್ಲಿ ಇಲ್ಲದಿದ್ದರೆ ಪಿಸ್ಟನ್ ತಿರುಗಿಸುವ ಕ್ರ್ಯಾಂಕ್ ದಂಡ ಗಿರ್ರನೆ ತಿರುಗುತ್ತದೆ. ಕ್ರ್ಯಾಂಕ್ ಬೋಲ್ಟಿನಲ್ಲೇ ಬಿಟ್ಟಿದ್ದ ರ‍್ಯಾಚೆಟ್ ಬಂದು ಬಡಿಯುತ್ತದೆ. ಇನ್ನೊಂದು ವಿಷಯ: ಎಂಟು ಸಿಲಿಂಡರಿಗೆ ಎಂಟು ಸಲ ಕ್ರ್ಯಾಂಕ್ ಹೊಂದಿಸಬೇಕಿಲ್ಲ. 1 ಮತ್ತು 6, 8 ಮತ್ತು 5, 7 ಮತ್ತು 4, 2 ಮತ್ತು 3 ಒಟ್ಟಿಗೇ ಮೇಲೆ ಬರುತ್ತವೆ. ನಾಲ್ಕು ಸಲ ನಿಲ್ಲಿಸಿದರೆ ಸಾಕು. ಸ್ಪ್ರಿಂಗ್ ಕೆಲಸ ಮೊದಲು ಮುಗಿಸಿದರೆ ತಿರುಗಿಸಲು ಎಂಜಿನ್ ಮುಂಭಾಗದ ಕ್ರ್ಯಾಂಕ್ ಬೋಲ್ಟ್ ಇನ್ನೂ ಇರುತ್ತದೆ. ಗಾಳಿ ಕಂಪ್ರೆಸರ್ ಇಲ್ಲದವನು ಸ್ಪಾರ್ಕ್ ಪ್ಲಗ್ ತೂತಿನಿಂದ ನೈಲಾನ್ ಹಗ್ಗ ತುಂಬಿ, ಪಿಸ್ಟನ್ ಮೇಲೆತ್ತಿ, ಅದನ್ನೇ ವಾಲ್ವಿಗೆ ಆಸರೆ ಮಾಡಿಕೊಳ್ಳಬಹುದು. ಸ್ಪ್ರಿಂಗನ್ನು ವಾಲ್ವಿಗೆ ಹಿಡಿದಿಡುವ ಪುಟ್ಟ ಕಾಟರ್‌ಗಳನ್ನು ಸ್ಕ್ರೂಡ್ರೈವರ್ ತುದಿಗೆ ಗ್ರೀಸ್ ಹಚ್ಚಿ ಕೂರಿಸುವುದು ನಮ್ಮ ಗ್ಯಾರೇಜುಗಳ ಹಳೆ ಉಪಾಯ. ಅದು ಟೆಕ್ಸಾಸಿನಲ್ಲೂ ನಡೆಯುತ್ತದೆ.

ಟಾರ್ಕ್ ರೆಂಚ್ ವಿಷಯದಲ್ಲಿ ನೀವು ಬರೆದದ್ದು ತಪ್ಪೇ. 250 ಫುಟ್-ಪೌಂಡಿನ ಅರ್ಧ ಇಂಚಿನ ರೆಂಚ್ ಒಂದೇ ಸಾಕು ಎಂದಿದ್ದೀರಿ. ಟಕ್ ಅನ್ನುವ ರೆಂಚುಗಳನ್ನು ಅಳತೆಯ ಕೆಳಗಿನ ಶೇಕಡಾ 20ರಲ್ಲಿ ನಂಬುವಂತಿಲ್ಲ. ಅಂದರೆ ನಿಮ್ಮದು 50ರ ಕೆಳಗೆ ನಂಬಿಕೆಗೆ ಅರ್ಹವಲ್ಲ. ರಾಕರ್ ಬೋಲ್ಟಿಗೆ ಬೇಕಿರುವುದು 22 ಫುಟ್-ಪೌಂಡ್, ಕ್ಯಾಮ್ ಸ್ಪ್ರಾಕೆಟ್ ಬೋಲ್ಟಿಗೆ 26. ಅದಕ್ಕೆ 3/8 ಇಂಚಿನ ಸಣ್ಣ ರೆಂಚ್ ಬೇರೆಯೇ ಬೇಕು. ದೊಡ್ಡದು ಬೇಕಾಗುವುದು ಕ್ರ್ಯಾಂಕ್ ಬೋಲ್ಟಿಗೆ. ಇಲ್ಲಿ ಇನ್ನೊಂದು ಮುಖ್ಯ ಸಂಗತಿ ಬಿಟ್ಟಿದ್ದೀರಿ: ಎಲ್‌ಎಸ್1ರ ಮುಂದಿನ ಪುಲ್ಲಿಗೆ ಕ್ರ್ಯಾಂಕಿನ ಮೇಲೆ ಜಾರದಂತೆ ತಡೆಯುವ ಕೀ ಇಲ್ಲ. ಬೋಲ್ಟಿನ ಬಿಗಿಯೇ ಅದನ್ನು ಹಿಡಿದಿರುವುದು. ಹಳೆ ಬೋಲ್ಟಿನಿಂದ 240ಕ್ಕೆ ಬಿಗಿದು ಕೂರಿಸಿ, ಅದನ್ನು ತೆಗೆದು, ಹೊಸದನ್ನು 37ಕ್ಕೆ ಬಿಗಿದು, ಆಮೇಲೆ 140 ಡಿಗ್ರಿ ತಿರುಗಿಸಬೇಕು. ಹಾಗಾಗಿ ಡಿಗ್ರಿ ನೋಡುವ ಗೇಜ್ ಮತ್ತು ಫ್ಲೈವೀಲ್ ತಿರುಗದಂತೆ ಹಿಡಿಯುವ ಲಾಕ್ ಎರಡೂ ನಿಮ್ಮ ಪಟ್ಟಿಯಲ್ಲಿ ಇರಲೇಬೇಕಿತ್ತು, ಇಲ್ಲ. ಪುಲ್ಲಿಯನ್ನು ಸುತ್ತಿಗೆಯಿಂದ ಬಡಿದು ಕೂರಿಸಿದೆ ಎಂಬ ಸಾಲನ್ನು ದಯವಿಟ್ಟು ಹೆಮ್ಮೆಯಿಂದ ಹೇಳಬೇಡಿ. ಕ್ರ್ಯಾಂಕ್ ಹಿಂದೆಮುಂದೆ ಸರಿಯದಂತೆ ತಡೆಯುವ ಥ್ರಸ್ಟ್ ಬೇರಿಂಗಿಗೆ ಅದು ಏಟು. ಥ್ರೆಡ್ ಇರುವ ಉದ್ದ ರಾಡಿನ ಇನ್‌ಸ್ಟಾಲರ್ ಬೇಕು, ಅದರ ಥ್ರೆಡ್ ಅಳತೆಯನ್ನೂ ಬರೆಯಿರಿ: 16 ಮಿಲಿಮೀಟರ್ ದಪ್ಪ, 2 ಮಿಲಿಮೀಟರ್ ಪಿಚ್ (ಎಳೆಗಳ ನಡುವಿನ ಅಂತರ).

ದುಡ್ಡಿನ ಮಾತು ಚೆನ್ನಾಗಿದೆ, ಉಳಿಸಿಕೊಳ್ಳಿ. ಅಮೆರಿಕದಲ್ಲಿ ಆಟೋಜೋನ್, ಓ’ರೈಲಿ ಅಂಗಡಿಗಳು ಡಿಪಾಸಿಟ್ ಇಟ್ಟುಕೊಂಡು ಪುಲ್ಲರ್ ಥರದ ಟೂಲ್ ಕೊಟ್ಟು, ತಂದುಕೊಟ್ಟಾಗ ದುಡ್ಡು ವಾಪಸ್ ಮಾಡುತ್ತವೆ ಎಂಬುದು ಅಲ್ಲಿಗೆ ಹೊಸದಾಗಿ ಹೋದ ನಮ್ಮ ಹುಡುಗರಿಗೆ ಗೊತ್ತಿರುವುದಿಲ್ಲ. ಒಂದೇ ಸಲ ಬಳಸುವುದನ್ನು ಎರವಲು ತನ್ನಿ, ಟಾರ್ಕ್ ರೆಂಚ್ ಮಾತ್ರ ಸ್ವಂತದ್ದಿರಲಿ ಅಂದಿದ್ದೀರಲ್ಲ, ಪೂರ್ತಿ ಒಪ್ಪುತ್ತೇನೆ.

ವಾಕ್ಯಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ‘ಬೋಲ್ಟ್‌ಗಳನ್ನು ಟಾರ್ಕ್ ರೆಂಚ್‌ನ ಬಳಕೆಯ ಮೂಲಕ ಬಿಗಿಗೊಳಿಸುವುದು ಅತ್ಯಗತ್ಯವಾಗಿರುತ್ತದೆ’ ಅಂತ ನೀವು ಫೋನಿನಲ್ಲಿ ಗೆಳೆಯನಿಗೆ ಹೇಳುತ್ತೀರಾ? ‘ಈ ಬೋಲ್ಟಿಗೆ ಟಾರ್ಕ್ ರೆಂಚೇ ಬೇಕು’ ಅನ್ನುತ್ತೀರಿ. ಹಾಗೇ ಬರೆಯಿರಿ.

ತಿದ್ದಿದ್ದನ್ನು ಕಳಿಸುವಾಗ ಫೋಟೋ ಬದಲಿಸಿ. ಬಾನೆಟ್ ಮುಂದೆ ನೀವು ನಿಂತಿರುವುದು ಬೇಡ. ಬ್ಲಾಕಿನ ತೂತಿನಲ್ಲಿ ಕಡ್ಡಿ ಹೋಗಿರುವುದು ಒಂದು, 8ನೇ ಸಿಲಿಂಡರಿನ ಮೇಲೆ ಕಂಪ್ರೆಸರ್ ಟೂಲ್ ಕೂತಿರುವುದು ಒಂದು. ಮಸಿ ಮೆತ್ತಿದ್ದರೂ ಪರವಾಗಿಲ್ಲ.