ಓದುಗರ ಪ್ರಶ್ನೆ: ಇಂಗ್ಲಿಷ್ ಸಾಹಿತ್ಯ ಚರಿತ್ರೆ ಬರೀ ಇಸವಿಗಳ ಪಟ್ಟಿಯೇ?

ಪ್ರಶ್ನೆ: ನಾನು ಇಂಗ್ಲಿಷ್ ಎಂ.ಎ. ಮೊದಲ ವರ್ಷದಲ್ಲಿದ್ದೇನೆ. ಸಾಹಿತ್ಯ ಚರಿತ್ರೆಯ ಪುಸ್ತಕದಲ್ಲಿ ಪ್ರತಿ ಅಧ್ಯಾಯಕ್ಕೂ ಮೊದಲು ‘ಸಾಮಾಜಿಕ ಹಿನ್ನೆಲೆ’ ಅಂತ ಎರಡು ಪುಟ ಇರುತ್ತದೆ. ಅದನ್ನು ಬಾಯಿಪಾಠ ಮಾಡುತ್ತೇನೆ. ಆಮೇಲೆ ಕವಿತೆ ಓದುವಾಗ ಅದು ನೆನಪಿಗೇ ಬರುವುದಿಲ್ಲ. ಎರಡನ್ನೂ ಜೋಡಿಸುವುದು ಹೇಗೆ?
– ಓದುಗರೊಬ್ಬರು, ಸಾಗರ ತಾಲ್ಲೂಕು

ಉತ್ತರ: ತೀರ್ಥಹಳ್ಳಿಯಲ್ಲಿ, ಆಮೇಲೆ ಶಿವಮೊಗ್ಗದಲ್ಲಿ ಇದೇ ಸಾಹಿತ್ಯ ಚರಿತ್ರೆಯನ್ನು ಪಾಠ ಮಾಡಿದವನು ನಾನು. ಮಕ್ಕಳು ಪ್ರತಿ ವರ್ಷ ಇದೇ ಮಾತು ಹೇಳುತ್ತಿದ್ದರು. ಹಿನ್ನೆಲೆ ಮೊದಲು, ಕೃತಿ ಆಮೇಲೆ ಎನ್ನುವ ಆ ಕ್ರಮವೇ ಸರಿಯಿಲ್ಲ. ನೀವು ಉಲ್ಟಾ ಹೋಗಿ. ಮೊದಲು ಕೃತಿ ಓದಿ. ಆಮೇಲೆ ಅದನ್ನು ಯಾರು ಅಚ್ಚು ಹಾಕಿದರು, ಬೆಲೆ ಎಷ್ಟಿತ್ತು, ಯಾರ ಕೈಗೆ ಸಿಕ್ಕಿತು, ಯಾವ ಸಾಲು ಯಾರಿಗೆ ಚುಚ್ಚಿತು ಅಂತ ಕೇಳುತ್ತಾ ಹೋಗಿ. ಸಮಾಜ ತಾನಾಗಿಯೇ ಎದುರಿಗೆ ಬರುತ್ತದೆ.

ಜಾನ್ ಕ್ಲೇರ್ ಎನ್ನುವ ಕವಿಯಿಂದ ಶುರು ಮಾಡಿ. ನಿಮ್ಮ ಪುಸ್ತಕದಲ್ಲಿ ಅವನಿಗೆ ಸಿಗುವುದು ಹೆಚ್ಚೆಂದರೆ ಒಂದು ಸಾಲು. ವರ್ಡ್ಸ್‌ವರ್ತ್‌ಗೆ ಹತ್ತು ಪುಟ ಕೊಟ್ಟು ಇವನಿಗೆ ಒಂದು ಸಾಲು ಕೊಡುವುದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಕ್ಲೇರ್ ಹುಟ್ಟಿದ್ದು 1793ರಲ್ಲಿ, ನಾರ್ಥಾಂಪ್ಟನ್‌ಶೈರ್‌ನ ಹೆಲ್ಪ್‌ಸ್ಟನ್ ಹಳ್ಳಿಯಲ್ಲಿ. ಅಪ್ಪ ಕೂಲಿ ಕೆಲಸದವನು. ಮಗನೂ ಹೊಲದ ಕೂಲಿಗೆ ಹೋದ. ಅವನಿಗೆ ಹದಿನಾರು ತುಂಬುವ ಹೊತ್ತಿಗೆ, 1809ರಲ್ಲಿ, ಅವನ ಊರಿನ ಬಯಲಿಗೆ ಬೇಲಿ ಹಾಕಲು ಪಾರ್ಲಿಮೆಂಟು ಕಾಯ್ದೆ ಮಾಡಿತು. ಅಲ್ಲಿಯ ತನಕ ಬಡವರು ದನ ಮೇಯಿಸಲು, ಸೌದೆ ಆರಿಸಲು ಹೋಗುತ್ತಿದ್ದ ನೆಲ ಅದು, ನಮ್ಮೂರಿನ ಗೋಮಾಳದ ಹಾಗೆ. ಅದು ಜಮೀನಿದ್ದವರ ಪಾಲಾಯಿತು. ಕಾಲುದಾರಿಗಳು ಮುಚ್ಚಿಹೋದವು. 1750ರಿಂದ 1850ರ ನಡುವೆ ಇಂಗ್ಲೆಂಡಿನಲ್ಲಿ ಇಂಥ ಸುಮಾರು 4000 ಕಾಯ್ದೆಗಳು ಬಂದವು. ಆ ಪಾರ್ಲಿಮೆಂಟಿಗೆ ಮತ ಹಾಕುವ ಹಕ್ಕು ಕೂಲಿಯವರಿಗೆ ಇರಲೇ ಇಲ್ಲ.

ಈಗ ಅವನ ಮೊದಲ ಪುಸ್ತಕ ನೋಡಿ. 1820ರಲ್ಲಿ ಲಂಡನ್ನಿನಲ್ಲಿ ಬಂತು. ಪ್ರಕಾಶಕ ಜಾನ್ ಟೇಲರ್, ಕೀಟ್ಸ್‌ನ ಪುಸ್ತಕಗಳನ್ನೂ ತಂದವನು. ಶೀರ್ಷಿಕೆ ಪುಟದಲ್ಲಿ ಕವಿಯ ಹೆಸರಿನ ಜೊತೆ ‘ನಾರ್ಥಾಂಪ್ಟನ್‌ಶೈರ್‌ನ ಒಬ್ಬ ರೈತಾಪಿ’ ಅಂತ ಅಚ್ಚಾಗಿತ್ತು. ಲಂಡನ್ನಿನ ಓದುಗರಿಗೆ ಕವಿತೆಯ ಜೊತೆಗೆ ಕವಿಯ ಬಡತನವನ್ನೂ ತೋರಿಸಿ ಮಾರಿದರು. ಕಾಗುಣಿತ, ವಿರಾಮಚಿಹ್ನೆಗಳನ್ನು ಟೇಲರ್ ತಿದ್ದಿದ. ಪುಸ್ತಕ ಚೆನ್ನಾಗಿ ಹೋಯಿತು, ಬೇಗ ಬೇಗ ಮರುಮುದ್ರಣವಾಯಿತು.

ಆದರೆ ತನ್ನ ಊರಿನ ಮೇಲೆ ಬರೆದ ಕವಿತೆಯಲ್ಲಿ ಕ್ಲೇರ್ ಸಿರಿವಂತಿಕೆಗೆ ನೇರವಾಗಿ ಶಾಪ ಹಾಕಿದ್ದ. ಅದು ಲಾರ್ಡ್ ರಾಡ್‌ಸ್ಟಾಕ್‌ಗೆ ಹಿಡಿಸಲಿಲ್ಲ. ಕ್ಲೇರ್‌ಗೆ ಹಣದ ಸಹಾಯ ಮಾಡಿಸುತ್ತಿದ್ದ ದೊಡ್ಡ ಮನುಷ್ಯ ಆತ. ಆಮೇಲೆ ಬಂದ ಮುದ್ರಣವೊಂದರಲ್ಲಿ ಆ ಸಾಲುಗಳು ಮಾಯವಾದವು! ನೋಡಿ, ಬೇಲಿಯ ಕಾಯ್ದೆ, ಪುಸ್ತಕದ ಮಾರುಕಟ್ಟೆ, ಅನ್ನ ಕೊಡುವವರ ಹಂಗು, ಇಷ್ಟೂ ಒಂದೇ ಕವಿತೆಯಲ್ಲಿ ಸಿಕ್ಕವು. ಇದನ್ನು ಬಾಯಿಪಾಠ ಮಾಡಬೇಕಾ? ಒಮ್ಮೆ ಗೊತ್ತಾದರೆ ಮರೆಯುವುದೇ ಕಷ್ಟ.

ಕಾದಂಬರಿಗೂ ಹೀಗೇ ಮಾಡಿ. ವಿಕ್ಟೋರಿಯಾ ಕಾಲದ ಕಾದಂಬರಿ ಯಾಕೆ ಅಷ್ಟು ಉದ್ದ ಅಂತ ಎಲ್ಲರೂ ಗೊಣಗುತ್ತಾರೆ, ಅಲ್ವಾ? ಬೆಲೆ ನೋಡಿ. ಹೊಸ ಕಾದಂಬರಿ ಮೂರು ಸಂಪುಟಗಳಲ್ಲಿ ಬರುತ್ತಿತ್ತು. ಒಟ್ಟು ಬೆಲೆ 31 ಶಿಲ್ಲಿಂಗ್ 6 ಪೆನ್ಸ್. ಶತಮಾನದ ನಡುವೆ ಹೊಲದ ಕೂಲಿಯವನಿಗೆ ವಾರಕ್ಕೆ ಸಿಗುತ್ತಿದ್ದದ್ದು 10 ಶಿಲ್ಲಿಂಗ್ ಆಸುಪಾಸು. ಮಧ್ಯಮ ವರ್ಗದವರೂ ಕೊಳ್ಳುತ್ತಿರಲಿಲ್ಲ, ಮೂಡೀಸ್‌ನಂಥ ಬಾಡಿಗೆ ಲೈಬ್ರರಿಯಿಂದ ತರುತ್ತಿದ್ದರು. ವರ್ಷಕ್ಕೆ ಒಂದು ಗಿನಿ (21 ಶಿಲ್ಲಿಂಗ್) ಚಂದಾ ಕೊಟ್ಟರೆ ಒಂದು ಸಲಕ್ಕೆ ಒಂದು ಸಂಪುಟ ಸಿಗುತ್ತಿತ್ತು. ಕತೆ ಮೂರು ಭಾಗವಾದಷ್ಟೂ ಲೈಬ್ರರಿಗೆ ಲಾಭ. ಮನೆಮಂದಿ ಎಲ್ಲ ಕೂತು ಓದಲು ಮುಜುಗರವಾಗುವ ಪುಸ್ತಕವನ್ನು ಮೂಡೀಸ್ ಇಡುತ್ತಲೂ ಇರಲಿಲ್ಲ. ಹಾಗಾಗಿ ಕಾದಂಬರಿಕಾರರು ಎಷ್ಟು ಬರೆಯಬೇಕು, ಏನು ಬರೆಯಬಾರದು ಎನ್ನುವುದರಲ್ಲಿ ಈ ಲೈಬ್ರರಿಯ ಕೈ ಇತ್ತು. 1894ರಲ್ಲಿ ದೊಡ್ಡ ಲೈಬ್ರರಿಗಳು ಇನ್ನು ಮೂರು ಸಂಪುಟಕ್ಕೆ ಅಷ್ಟು ಹಣ ಕೊಡುವುದಿಲ್ಲ ಎಂದವು. ಕೆಲವೇ ವರ್ಷದಲ್ಲಿ ಆ ರೂಪವೇ ಹೋಯಿತು. ಡಿಕನ್ಸ್‌ನದು ಬೇರೆ ದಾರಿ. 1836ರಿಂದ ‘ಪಿಕ್‌ವಿಕ್’ ಅನ್ನು ತಿಂಗಳಿಗೊಂದು ಕಂತು, ಒಂದು ಶಿಲ್ಲಿಂಗ್ ಅಂತ ಮಾರಿದರು. ಓದುಗರ ಗುಂಪೇ ದೊಡ್ಡದಾಯಿತು.

ಒಂದು ಎಚ್ಚರಿಕೆ ಮಾತ್ರ ಬೇಕು. ಇಷ್ಟು ತಿಳಿದ ಮೇಲೆ ಕವಿತೆಯನ್ನು ಬರೀ ಸಾಕ್ಷಿಯ ಕಾಗದ ಮಾಡಿಬಿಡುವ ಆಸೆ ಬರುತ್ತದೆ. ಹಾಗೆ ಮಾಡಬೇಡಿ. ಬೇಲಿಯ ಕಾಯ್ದೆ ಹತ್ತಾರು ಸಾವಿರ ಜನರನ್ನು ಹೊಸಕಿತು. ಆದರೆ ಹಕ್ಕಿಗೂಡಿನ ಹತ್ತಿರ ಉಸಿರು ಹಿಡಿದು ಬಗ್ಗಿ, ಒಳಗೆ ಏನೇನು ಹಾಸಿದೆ, ಮೊಟ್ಟೆಯ ಬಣ್ಣ ಯಾವುದು ಎಂದು ಬರೆದವನು ಕ್ಲೇರ್. ಆ ಕಣ್ಣು ಅವನದು. ಅದನ್ನು ಯಾವ ಹಿನ್ನೆಲೆಯೂ ಪೂರ್ತಿ ವಿವರಿಸಲಾರದು.

ಪ್ರಶ್ನೆ: ನಾನು ಕನ್ನಡ ಮಾಧ್ಯಮದವನು, ಮನೆಯಲ್ಲಿ ಅಡಿಕೆ ತೋಟ. ಇಂಗ್ಲೆಂಡಿನ ಸಮಾಜ ಗೊತ್ತಿಲ್ಲದ ನಮ್ಮಂಥವರಿಗೆ ಈ ಓದು ಸಾಧ್ಯವೇ?
– ಓದುಗರೊಬ್ಬರು, ಕೋಣಂದೂರು

ಉತ್ತರ: ಖಂಡಿತ ಸಾಧ್ಯ. ನಿಮ್ಮ ಪಕ್ಕದ ಮೇಳಿಗೆಯಲ್ಲಿ ಹುಟ್ಟಿದ ಯು.ಆರ್. ಅನಂತಮೂರ್ತಿ 1966ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಪಿಎಚ್‌.ಡಿ. ಪಡೆದರು. ವಿಷಯ, 1930ರ ದಶಕದ ಇಂಗ್ಲಿಷ್ ಕಾದಂಬರಿ ಮತ್ತು ರಾಜಕೀಯ. ನೀವು ಕೇಳುತ್ತಿರುವ ಓದು ಅದೇ.

ಮನೆಯ ಹಿರಿಯರನ್ನು ಗೇಣಿಯ ಬಗ್ಗೆ ಕೇಳಿ. 1951ರ ಕಾಗೋಡು ಹೋರಾಟದಲ್ಲಿ ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರವೇ ಒಂದು ದೊಡ್ಡ ಜಗಳವಾಗಿತ್ತು. ಇದನ್ನು ಕೇಳಿ ಬೆಳೆದವರಿಗೆ ಜಮೀನು, ಕಾನೂನು, ಅಧಿಕಾರ ಹೇಗೆ ಹೆಣೆದುಕೊಂಡಿರುತ್ತವೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಎರಡನ್ನೂ ಒಂದೇ ಅನ್ನಬೇಡಿ. ಹೆಲ್ಪ್‌ಸ್ಟನ್‌ನಲ್ಲಿ ಜಾತಿ ಇರಲಿಲ್ಲ, ಕಾಗೋಡಿನಲ್ಲಿ ಇತ್ತು. ಅಲ್ಲಿ ಕಾಯ್ದೆ ಬಡವರಿಂದ ನೆಲ ಕಿತ್ತುಕೊಂಡಿತು. ನಮ್ಮಲ್ಲಿ 1974ರ ಭೂಸುಧಾರಣೆ ತಿದ್ದುಪಡಿ ಕಾಯ್ದೆ ಗೇಣಿದಾರರಿಗೆ ನೆಲ ಕೊಡಲು ಬಂತು. ಹೋಲಿಕೆಗಿಂತ ಈ ವ್ಯತ್ಯಾಸಗಳ ಮೇಲೆ ಜಾಸ್ತಿ ಹೊತ್ತು ಕೂತುಕೊಳ್ಳಿ.

ಪುಸ್ತಕ ಸಿಗುವುದಿಲ್ಲ ಎಂದು ಕಾಯಬೇಡಿ. ಪ್ರಾಜೆಕ್ಟ್ ಗುಟೆನ್‌ಬರ್ಗ್ ಎನ್ನುವ ಜಾಲತಾಣದಲ್ಲಿ ಕ್ಲೇರ್‌ನ ಕವಿತೆಗಳು ಉಚಿತವಾಗಿ ಓದಲು ಸಿಗುತ್ತವೆ. ‘ಪಿಕ್‌ವಿಕ್’ ಕೂಡ ಅಲ್ಲೇ ಇದೆ.